ಜೊಂಗ್‌ಸೊನ್ ಕಣಿವೆಯ ಅರಿರಾಂಗ್ ಪದಗಳು

ಕೊರಿಯಾ ದೇಶದ ಜನಪದಗೀತಗಳಲ್ಲಿ ಅರಿರಾಂಗ್ ಎಂಬುದು ಅತ್ಯಂತ ಪ್ರಸಿದ್ಧವಾದುದು. ಹೋಮರ್ ಹಲ್ಬರ್ಟ್ ಎಂಬ ಅಮೆರಿಕದ ಪಾದ್ರಿಯು ೧೮೯೬ರಲ್ಲಿ ಇದರ ಒಂದು ಪಾಠವನ್ನು ಪಾಶ್ಚಾತ್ಯ ಸ್ವರಲಿಪಿಯೊಡನೆ ಪ್ರಕಟಿಸಿ, ಆ ಜನರ ಊಟದಲ್ಲಿ ಅನ್ನಕ್ಕೆ ಯಾವ ಸ್ಥಾನವೋ ಅವರ ಸಂಗೀತದಲ್ಲಿ ಈ ಹಾಡಿಗೆ ಅದೇ ಸ್ಥಾನವೆಂದು ಅಭಿಪ್ರಾಯಪಟ್ಟನು. ಯುನೆಸ್ಕೊ ಸಂಸ್ಥೆಯು ಮಾನವಕುಲದ ಅಮೂರ್ತ ಪರಂಪರೆಗಳ ಪಟ್ಟಿಯಲ್ಲಿ ಇದನ್ನು ೨೦೧೨ರಲ್ಲಿ ದಕ್ಷಿಣ ಕೊರಿಯಾದ ಹೆಸರಿನಿಂದಲೂ ೨೦೧೪ರಲ್ಲಿ ಉತ್ತರ ಕೊರಿಯಾದ ಹೆಸರಿನಿಂದಲೂ ಸೇರಿಸಿತು. ದೇಶವು ಇಬ್ಭಾಗವಾದರೂ ಹಾಡು ಇಬ್ಭಾಗವಾಗಲಿಲ್ಲವೆಂಬುದಕ್ಕೆ ಈ ಎರಡು ನಮೂದುಗಳೇ ಸಾಕ್ಷಿ. ಆದರೆ ಜಗತ್ತೆಲ್ಲವೂ ಅರಿರಾಂಗ್ ಎಂದು ಕೇಳುತ್ತಿರುವುದು ರಾಜಧಾನಿಯಾದ ಸೋಲ್ ನಗರದ ಕಡೆಯ ಪಾಠವನ್ನು. ಅದಕ್ಕಿಂತ ಹಳೆಯದೆಂದು ಬಹುಮಂದಿ ವಿದ್ವಾಂಸರು ಎಣಿಸುವ ಪಾಠವು ಪೂರ್ವದ ಗಂಗ್ವೊನ್ ಪ್ರಾಂತದ ಜೊಂಗ್‌ಸೊನ್ ಎಂಬ ಬೆಟ್ಟಸೀಮೆಯದು. ಅದರ ರಾಗವು ಬೇರೆ, ಮಾತು ಬೇರೆ. ಭಾವವೂ ಬೇರೆಯೆಂಬುದನ್ನು ವಿಮರ್ಶಕರು ಸಾಕಷ್ಟು ಗಮನಿಸಿದಂತೆ ತೋರುವುದಿಲ್ಲ. ಪ್ರಕೃತ ಲೇಖನದ ವಿಷಯವು ಇದೇ.

ಈ ಹಾಡಿಗೆ ಒಂದು ನದಿಯಿದೆ. ನದಿಯನ್ನು ಬಿಟ್ಟು ಹಾಡನ್ನು ವಿವರಿಸಲು ಹೊರಟವರು ಅನೇಕ ಕಡೆ ಎಡವಿದ್ದಾರೆ. ಜೊಂಗ್‌ಸೊನ್ ಸೀಮೆಯಲ್ಲಿ ಬೆಟ್ಟಗಳು ಎಷ್ಟು ಒತ್ತೊತ್ತಾಗಿವೆಯೆಂದರೆ, ಮುಂದಣ ಬೆಟ್ಟಕ್ಕೂ ಹಿಂದಣ ಬೆಟ್ಟಕ್ಕೂ ಬಟ್ಟೆ ಒಣಹಾಕುವ ಹಗ್ಗವನ್ನು ಕಟ್ಟಬಹುದೆಂದು ಅಲ್ಲಿಯವರೇ ಹಾಸ್ಯಮಾಡುವುದುಂಟು. ಈ ಬೆಟ್ಟಗಳ ನಡುವೆ ಯೊರ್ಯಾಂಗ್ ಎಂಬ ಊರಿನ ಬಳಿಯಲ್ಲಿ ಎರಡು ಹೊಳೆಗಳು ಕೂಡುತ್ತವೆ. ಅವುಗಳಲ್ಲಿ ಸೊಂಗ್‌ಚೊನ್ ಎಂಬುದು ರಭಸವಾಗಿ ಬರುವುದರಿಂದ ಅದನ್ನು ಗಂಡುನೀರೆಂದೂ, ಗೊಲ್ಜಿಚೊನ್ ಎಂಬುದು ಶಾಂತವಾಗಿ ಬರುವುದರಿಂದ ಅದನ್ನು ಹೆಣ್ಣುನೀರೆಂದೂ ಜನರು ಕರೆಯುವರು. ಎರಡೂ ಬೆರೆಯುವ ಆ ಸ್ಥಳಕ್ಕೆ ಔರಾಜಿ ಎಂದು ಹೆಸರು. 'ಒಂದರೊಡನೊಂದು ಕೂಡು' ಎಂಬ ಅರ್ಥದ ಧಾತುವಿನಿಂದ ಆ ಹೆಸರು ಬಂದಿದೆ. ಇಲ್ಲಿಂದ ಮುಂದೆ ಹೊಳೆಗೆ ಜೊಯಾಂಗ್ ಎಂದು ಹೆಸರಾಗಿ, ಗಸುರಿ ಎಂಬಲ್ಲಿ ಮತ್ತೊಂದು ಉಪನದಿಯನ್ನು ಕೂಡಿಕೊಂಡು ದೊಂಗ್‌ಗಾಂಗ್, ಎಂದರೆ ಮೂಡಣ ಹೊಳೆ, ಎನಿಸಿಕೊಳ್ಳುವುದು. ಸುಣ್ಣಕಲ್ಲಿನ ಕಡಿದಾದ ಗೋಡೆಗಳ ನಡುವೆ ಹಾವಿನಂತೆ ಸುತ್ತಿ ಸುತ್ತಿ ಹರಿದು ಯೊಂಗ್‌ವೊಲ್ ಪಟ್ಟಣದಲ್ಲಿ ಪಡುವಣ ಹೊಳೆಯನ್ನು ಸೇರಿ ದಕ್ಷಿಣ ಹಾನ್ ನದಿಯಾಗಿ, ಕಟ್ಟಕಡೆಗೆ ಸೋಲ್ ನಗರವನ್ನು ಮುಟ್ಟುವುದು. ವಸಂತಾರಂಭದಲ್ಲಿ ಆ ಕಲ್ಲುಗೋಡೆಗಳ ಬಿರುಕುಗಳಲ್ಲಿ ಆ ಕಣಿವೆಯ ಹೆಸರನ್ನೇ ಹೊತ್ತ ಒಂದು ನೇರಿಳೆ ಬಣ್ಣದ ಹೂವು ಮೇಲ್ಮೊಗವಾಗಿ ಅರಳುವುದು. ಇಂದು ಪ್ರವಾಸಿಗಳು ಗುಜೊಲ್ ಎಂಬ ಊರಿನಿಂದ, ಪ್ರಯಾಣಿಕರ ಸಂಚಾರವು ನಿಂತುಹೋದ ರೈಲುಹಳಿಯ ಮೇಲೆ ಕಾಲಿನಿಂದ ತುಳಿಯುವ ಬಂಡಿಗಳಲ್ಲಿ ಕುಳಿತು, ಸೊಂಗ್‌ಚೊನ್ ಹೊಳೆಯ ಪಕ್ಕದಲ್ಲಿ ೭.೨ ಕಿಲೋಮೀಟರ್ ಇಳಿದು ಔರಾಜಿಯನ್ನು ಸೇರುವರು. ಕಣ್ಣಿಗೆ ಹಬ್ಬವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಈ ಹಾಡನ್ನು ಕಟ್ಟಿದ ಜನಕ್ಕೆ ಆ ಬೆಟ್ಟ ಹೊಳೆಗಳು ನೋಟದ ವಸ್ತುಗಳಾಗಿರಲಿಲ್ಲ, ದಾಟಬೇಕಾದ ವಸ್ತುಗಳಾಗಿದ್ದುವು. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ವಿಚಾರವು ಸುಗಮವಾಗುವುದು.

ಹಾಡಿನ ರೂಪವು ಸರಳವಾದುದು. ಎರಡು ಸಾಲಿನ ಒಂದು ಪದ, ಅದರ ಬೆನ್ನಿಗೆ ಪಲ್ಲವಿ. ಸ್ಥಳೀಯರು ಇದನ್ನು ಅರಿರಾಂಗ್ ಎನ್ನದೆ 'ಅರಾರಿ' ಎನ್ನುವುದೇ ವಾಡಿಕೆಯಾಗಿತ್ತು. ನಾಟಿಯಲ್ಲಿ, ಕಳೆ ಕೀಳುವಾಗ, ಬೆಟ್ಟದಲ್ಲಿ ಸೊಪ್ಪು ಕೊಯ್ಯುವಾಗ, ಸೌದೆ ಹೊರುವಾಗ ಒಬ್ಬರು ಒಂದು ಪದವನ್ನು ಹೇಳಿದರೆ ಇನ್ನೊಬ್ಬರು ಅದಕ್ಕೆ ಉತ್ತರವಾಗಿ ಇನ್ನೊಂದನ್ನು ಹೇಳುವರು. ನಿಧಾನವಾಗಿ ಎಳೆದು ಹಾಡುವುದು ಒಂದು ಬಗೆ, ಚುರುಕಾಗಿ ಹಾಡುವುದು ಇನ್ನೊಂದು ಬಗೆ. ಮಾತುಗಳನ್ನು ಒಂದರ ಬೆನ್ನಿಗೊಂದು ಹೆಣೆದು ಬೇಗಬೇಗನೆ ಉಚ್ಚರಿಸಿ ಕೊನೆಯಲ್ಲಿ ಮಾತ್ರ ಎಳೆಯುವ 'ಯೊಕ್ಕುಮ್' ಎಂಬುದು ಮೂರನೆಯದು. ಈ ಹೆಸರಿಗೆ ಹೆಣಿಗೆಯೆಂದೇ ಅರ್ಥ. ಪದಗಳ ಸಂಖ್ಯೆಯ ವಿಷಯದಲ್ಲಿ ಲೆಕ್ಕಗಳು ಒಂದಕ್ಕೊಂದು ಹೊಂದುವುದಿಲ್ಲ. ದೇಶದ ಎಲ್ಲ ಅರಿರಾಂಗ್‌ಗಳೂ ಸೇರಿ ಸುಮಾರು ೬೦ ಬಗೆಗಳೂ ಅವುಗಳಲ್ಲಿ ಸುಮಾರು ೩,೬೦೦ ಪಾಠಗಳೂ ಇವೆಯೆಂದು ಯುನೆಸ್ಕೊ ಸಂಸ್ಥೆಯ ಪತ್ರವು ಹೇಳಿದರೆ, ಜೊಂಗ್‌ಸೊನ್ ಒಂದರಲ್ಲಿಯೇ ಐದು ಸಾವಿರಕ್ಕೆ ಮಿಕ್ಕ ಪದಗಳು ದೊರೆತಿವೆಯೆಂದು ಅಲ್ಲಿಯ ಸಂಗ್ರಾಹಕರು ಹೇಳುವರು. ಒಬ್ಬರು ಹಾಡುಗಳನ್ನೂ ಇನ್ನೊಬ್ಬರು ಬಿಡಿಪದಗಳನ್ನೂ ಎಣಿಸಿದ್ದರಿಂದ ಈ ವ್ಯತ್ಯಾಸವೆಂದು ಸಮಾಧಾನ ಹೇಳಬಹುದು. ಆದರೆ ಇನ್ನೂ ಹುಟ್ಟುತ್ತಲೇ ಇರುವುದನ್ನು ಎಣಿಸುವುದೆಂತು? ಛಂದಸ್ಸನ್ನು ಬಲ್ಲವರು ಅನುಷ್ಟುಪ್ ಶ್ಲೋಕಗಳು ಜಗತ್ತಿನಲ್ಲಿ ಎಷ್ಟಿವೆಯೆಂದು ಕೇಳುವುದಿಲ್ಲ. ಅರಾರಿಯೆಂಬುದು ಒಂದು ಕೃತಿಯಲ್ಲ, ಕೃತಿಗಳನ್ನು ಹುಟ್ಟಿಸುವ ಒಂದು ವೃತ್ತವೆಂದು ಹೇಳುವುದೇ ಯುಕ್ತವು.

ಇನ್ನು ಇದರ ಉತ್ಪತ್ತಿಯ ವಿಚಾರ. ಸ್ಥಳದ ಫಲಕಗಳಲ್ಲಿಯೂ ಪುಸ್ತಕಗಳಲ್ಲಿಯೂ ಕಾಣಬರುವ ಐತಿಹ್ಯವು ಹೀಗಿದೆ: ೧೩೯೨ರಲ್ಲಿ ಗೊರ್ಯೊ ರಾಜವಂಶವು ಅಳಿದು ಜೊಸೊನ್ ವಂಶವು ಪಟ್ಟಕ್ಕೆ ಬಂದಾಗ, ಎರಡನೆಯ ಒಡೆಯನಿಗೆ ಸೇವೆ ಮಾಡಲೊಲ್ಲದ ಏಳು ಮಂದಿ ಅಧಿಕಾರಿಗಳು ಜೊನ್ ಓರ್ಯುನ್ ಮೊದಲಾದವರು ರಾಜಧಾನಿಯಾದ ಗೆಸೊಂಗ್ ನಗರವನ್ನು ಬಿಟ್ಟು ಜೊಂಗ್‌ಸೊನ್ ಬೆಟ್ಟಗಳಲ್ಲಿ ಅಡಗಿದರು, ಅವರಿದ್ದ ಸ್ಥಳವು 'ಏಳು ಮಂದಿ ಸತ್ಪುರುಷರು ವಾಸಿಸಿದ ಹಳ್ಳಿ' ಎಂಬ ಅರ್ಥದ ಗೊಚಿಲ್‌ಹ್ಯೊನ್ ಎಂಬ ಹೆಸರನ್ನು ಪಡೆಯಿತು, ಅವರು ದೊರೆಯನ್ನೂ ಊರನ್ನೂ ನೆನೆದು ರಚಿಸಿದ ಕವಿತೆಗಳನ್ನು ಹಳ್ಳಿಗರು ತಮ್ಮ ಮಟ್ಟಿನಲ್ಲಿ ಹಾಡಿದರು, ಅದೇ ಜೊಂಗ್‌ಸೊನ್ ಅರಿರಾಂಗ್. ಇದಕ್ಕೆ ಆಧಾರವಾಗಿ ತೋರಿಸುವುದು ಸಾಮಾನ್ಯವಾಗಿ ಮೊದಲು ಹಾಡುವ ಒಂದು ಪದವನ್ನು. ಹಿಮ ಬೀಳುವುದೋ ಮಳೆ ಸುರಿಯುವುದೋ ಎಂಬ ಸಂದೇಹವೂ, ಮನ್ಸು ಎಂಬ ಪರ್ವತದ ಮೇಲೆ ಕಪ್ಪು ಮೋಡಗಳು ಕವಿಯುವ ವರ್ಣನೆಯೂ ಅದರಲ್ಲಿವೆ. ಮನ್ಸು ಪರ್ವತವಿರುವುದು ಜೊಂಗ್‌ಸೊನ್ ಸೀಮೆಯಲ್ಲಲ್ಲ, ಗೆಸೊಂಗ್ ನಗರದ ಬಳಿಯಲ್ಲಿ. ಆದುದರಿಂದ ಮೋಡವೆಂದರೆ ರಾಜ್ಯಕ್ಕೆ ಒದಗಿದ ವಿಪತ್ತೆಂದೂ, ಪದವನ್ನು ಕಟ್ಟಿದವರು ಆ ನಿಷ್ಠಾವಂತರೇ ಎಂದೂ ಇವರ ವಾದ.

ಈ ವಾದವನ್ನು ಸುಲಭವಾಗಿ ಒಪ್ಪಲಾಗದು. ಮೊದಲನೆಯದಾಗಿ, ಕೊರಿಯಾ ಭಾಷೆಗೆ ಸ್ವಂತ ಲಿಪಿಯು ಘೋಷಿತವಾದುದು ೧೪೪೬ರಲ್ಲಿ. ಅದಕ್ಕೆ ಐವತ್ತು ವರ್ಷಗಳ ಹಿಂದಿನ ವಿದ್ವಾಂಸರು ಚೀನೀ ಅಕ್ಷರಗಳಲ್ಲಿ ರಚಿಸಿದ ಕವಿತೆಯು ನಿರಕ್ಷರರ ಬಾಯಲ್ಲಿ ದೇಶಭಾಷೆಯ ಪದವಾಗಿ ಮಾರ್ಪಟ್ಟು ಆರು ಶತಮಾನಗಳ ಕಾಲ ಪರ್ವತದ ಹೆಸರೊಂದನ್ನು ಮಾತ್ರ ಕೆಡದಂತೆ ಕಾಪಾಡಿಕೊಂಡಿತೆಂದು ಊಹಿಸಬೇಕಾಗುವುದು. ಎರಡನೆಯದಾಗಿ, ಆ ಹೆಸರು ಜನರ ಬಾಯಿಗೆ ಬರಲು ಬೇರೊಂದು ದಾರಿಯಿದೆ. ಜೊಸೊನ್ ವಂಶದ ಸ್ಥಾಪಕನ ಮಗನೂ ಮುಂದೆ ತಾನೇ ದೊರೆಯಾದವನೂ ಆದ ಯಿ ಬಾಂಗ್‌ವೊನ್ ಎಂಬವನು ಗೊರ್ಯೊ ವಂಶದ ನಿಷ್ಠಾವಂತ ಮಂತ್ರಿಯಾದ ಜೊಂಗ್ ಮೊಂಗ್ಜುವಿನ ಮನಸ್ಸನ್ನು ಪರೀಕ್ಷಿಸಲು ಹೇಳಿದನೆಂಬ ಕಿರುಗವಿತೆಯೊಂದು ಆ ದೇಶದ ಮಕ್ಕಳಿಗೂ ಕಂಠಸ್ಥವಾಗಿದೆ. ಮನ್ಸು ಪರ್ವತದ ಬಳ್ಳಿಗಳ ಹೆಣಿಗೆಯೇ ಅದರ ಮುಖ್ಯವಾದ ದೃಷ್ಟಾಂತ. ಇಂತಹ ಪ್ರಸಿದ್ಧ ಕವಿತೆಯ ಮೂಲಕ ಆ ಪರ್ವತನಾಮವು ಯಾವ ಹಳ್ಳಿಯನ್ನಾದರೂ ತಲುಪಬಹುದಾಗಿತ್ತು. ಚಮತ್ಕಾರವೇನೆಂದರೆ, ಆ ಕವಿತೆಯು ನಿಷ್ಠಾವಂತರದಲ್ಲ, ಅವರ ಶತ್ರುವಿನದು. ಹೆಸರೊಂದನ್ನು ಹಿಡಿದು ಕರ್ತೃವನ್ನು ನಿರ್ಣಯಿಸಿದರೆ ಹೀಗೆ ವಿಪರೀತಾರ್ಥವೂ ಸಾಧ್ಯವಾಗುವುದು.

ಇತಿಹಾಸದ ದೋಷಕ್ಕಿಂತ ಕಾವ್ಯದ ದೃಷ್ಟಿಯಿಂದಾಗುವ ನಷ್ಟವು ದೊಡ್ಡದು. ಹಿಮವೋ ಮಳೆಯೋ ಎಂಬ ಸಂದೇಹವು ಹೊಲದಲ್ಲಿ ನಿಂತ ರೈತನದಾಗಬಹುದು, ಗಂಡನನ್ನು ಪೇಟೆಗೆ ಕಳುಹಿದ ಹೆಂಡತಿಯದಾಗಬಹುದು, ತೆಪ್ಪವನ್ನು ಬಿಡಲು ಕಾದಿರುವವನದಾಗಬಹುದು. ಆನಂದವರ್ಧನನು ಧ್ವನಿಯೆಂದು ಕರೆದುದು ಇದನ್ನೇ: ವಾಚ್ಯವು ಮುಗಿದ ಮೇಲೂ ಘಂಟೆಯ ಅನುರಣನದಂತೆ ಮುಂದುವರಿಯುವ ಅರ್ಥ. ಐತಿಹ್ಯವು ಆ ಘಂಟೆಯ ಮೇಲೆ ಕೈಯಿಟ್ಟು ನಾದವನ್ನು ನಿಲ್ಲಿಸುವುದು. ಮೋಡವೆಂದರೆ ರಾಜ್ಯವಿಪತ್ತೇ ಎಂದು ಒಮ್ಮೆ ನಿರ್ಣಯಿಸಿದರೆ ಪದವು ಒಗಟಾಗುವುದು. ಒಗಟನ್ನು ಒಡೆದ ಮೇಲೆ ಅದರಲ್ಲಿ ಉಳಿಯುವುದೇನು?

ಔರಾಜಿಯ ಪದಗಳ ವಿಷಯವು ಇದಕ್ಕಿಂತ ಸೂಕ್ಷ್ಮವಾದುದು. ಇಲ್ಲಿಯೂ ಒಂದು ಕಥೆಯಿದೆ. ಹೊಳೆಯ ಒಂದು ದಡದ ಕನ್ಯೆಯೂ ಇನ್ನೊಂದು ದಡದ ತರುಣನೂ ಪ್ರೀತಿಸಿ, ಸಾರಿಗೊಲ್ ಎಂಬ ಕಮರಿಯಲ್ಲಿ ದೊಂಗ್‌ಬೆಕ್ ಕೊಯ್ಯುವ ನೆಪದಿಂದ ಸೇರಬೇಕೆಂದು ನಿಶ್ಚಯಿಸಿಕೊಂಡರು. ರಾತ್ರಿ ಮಳೆ ಬಂದು ಹೊಳೆ ತುಂಬಿತು, ದೋಣಿ ಹೊರಡಲಿಲ್ಲ. ಗಂಡುನೀರೂ ಹೆಣ್ಣುನೀರೂ ಕೂಡುವ ಸ್ಥಳದಲ್ಲಿಯೇ ಗಂಡೂ ಹೆಣ್ಣೂ ಅಗಲಿ ನಿಲ್ಲಬೇಕಾಯಿತು. ಪದವು ಈ ವಿರೋಧವನ್ನು ಬಾಯಿಬಿಟ್ಟು ಹೇಳುವುದಿಲ್ಲ, ಸ್ಥಳದ ಹೆಸರನ್ನು ಮಾತ್ರ ಹೇಳುವುದು. ಅದು ಅಂಬಿಗನನ್ನು ಕೂಗಿ ದೋಣಿಯನ್ನು ಇತ್ತ ದಾಟಿಸೆಂದು ಬೇಡುವುದು, ಮತ್ತು ದೊಂಗ್‌ಬೆಕ್ ಉದುರಿಹೋಗುತ್ತಿದೆಯೆಂದು ಕಾರಣ ಹೇಳುವುದು. ಪ್ರಿಯನ ಮಾತು ಅಲ್ಲಿಲ್ಲ. ಇದಕ್ಕೆ ಜೊತೆಯಾಗಿ ಹಾಡುವ ಇನ್ನೊಂದು ಪದದಲ್ಲಿ, ಉದುರಿದ ದೊಂಗ್‌ಬೆಕ್‌ಗಾದರೂ ತರಗೆಲೆಯ ಹಾಸಿಗೆಯುಂಟು, ವರ್ಷವೆಲ್ಲ ಹಂಬಲಿಸುವ ತನಗೆ ನೆಲೆಯಿಲ್ಲವೆಂಬ ವ್ಯತಿರೇಕವಿದೆ. ಅಲಂಕಾರಿಕರು ಇಂತಹ ಪ್ರಯೋಗವನ್ನು ಉದಾಹರಣೆಗೆ ಎತ್ತಿಕೊಳ್ಳಲು ಹಿಂಜರಿಯಬೇಕಾದುದಿಲ್ಲ.

ಈ 'ದೊಂಗ್‌ಬೆಕ್' ಎಂಬ ಮಾತಿನ ಅರ್ಥದಲ್ಲಿ ಭಾಷಾಂತರಕಾರರು ಮೋಸಹೋಗಿದ್ದಾರೆ. ಕೊರಿಯಾದ ದಕ್ಷಿಣ ಕಡಲತೀರದಲ್ಲಿ ಆ ಹೆಸರು ಕೆಮೀಲಿಯ ಎಂಬ ಕೆಂಪು ಹೂವಿನ ಗಿಡಕ್ಕೆ ಸಲ್ಲುವುದು. ಆದುದರಿಂದ ಕೆಂಪು ಹೂಗಳು ಇಡಿಇಡಿಯಾಗಿ ಉದುರುವ ಚಿತ್ರವನ್ನು ಇವರು ಪದದೊಳಕ್ಕೆ ತಂದಿದ್ದಾರೆ. ಆ ಗಿಡವು ಗಂಗ್ವೊನ್ ಬೆಟ್ಟಗಳ ಚಳಿಯಲ್ಲಿ ಬೆಳೆಯತಕ್ಕದ್ದಲ್ಲ. ಅಲ್ಲಿ ದೊಂಗ್‌ಬೆಕ್ ಎಂದರೆ ಶುಂಠಿಯ ವಾಸನೆಯ, ಚಳಿಗಾಲ ಕಳೆಯುತ್ತಲೇ ಹಳದಿಯ ಸಣ್ಣ ಹೂಗಳನ್ನು ಬಿಡುವ ಬೇರೊಂದು ಗಿಡ. ಅದೇ ಪ್ರಾಂತದವನಾದ ಕಿಮ್ ಯುಜೊಂಗ್ ಎಂಬ ಕಥೆಗಾರನು ೧೯೩೬ರಲ್ಲಿ ಪ್ರಕಟಿಸಿದ 'ದೊಂಗ್‌ಬೆಕ್ ಹೂವು' ಎಂಬ ಕಥೆಯಲ್ಲಿಯೂ ಹೂವು ಹಳದಿಯೇ. ಈ ಗಿಡದ ಬೀಜದಿಂದ ಹೆಂಗಸರು ತಲೆಗೂದಲಿಗೆ ಎಣ್ಣೆ ತೆಗೆಯುತ್ತಿದ್ದರು. ಹೀಗಿರಲಾಗಿ ಪದದಲ್ಲಿ ಉದುರುವುದು ಹೂವೇ ಅಥವಾ ಬೀಜವೇ ಎಂಬ ಪ್ರಶ್ನೆಯು ಹುಟ್ಟುವುದು. ಜೊತೆಯ ಪದದಲ್ಲಿ ತರಗೆಲೆಯ ಪ್ರಸ್ತಾಪವಿದೆ. ಎಲೆ ಉದುರುವುದು ಶರತ್ಕಾಲದಲ್ಲಿ, ಬೀಜವು ಮಾಗುವುದೂ ಆಗಲೇ. ಆದುದರಿಂದ ಬೀಜವೆಂಬ ಅರ್ಥವೇ ಪ್ರಬಲವಾದುದು. ಕಳೆದ ವರ್ಷದ ತರಗೆಲೆ ವಸಂತದಲ್ಲಿಯೂ ನೆಲದ ಮೇಲಿರಬಹುದೆಂದು ಪೂರ್ವಪಕ್ಷಿಯು ಹೇಳಬಹುದು. ಇರಬಹುದು. ಆದರೆ ಹೂವು ಉದುರಿದರೆ ನೋಟವು ಕೆಡುವುದು, ಬೀಜವು ಉದುರಿದರೆ ಮನೆಯಿಂದ ಹೊರಬೀಳಲು ಇದ್ದ ನೆಪವೇ ತಪ್ಪುವುದು. ಕನ್ಯೆಯ ಕಳವಳಕ್ಕೆ ಎರಡನೆಯದೇ ಹೆಚ್ಚು ತಕ್ಕದ್ದು. ಆ ಪದದ ಸೊಗಸಿರುವುದು ದುಡಿಯುವ ಹೆಣ್ಣಿನ ಕೆಲಸದ ಮಾತಿನೊಳಗೆ ಅವಳ ಆಸೆಯನ್ನು ಬಚ್ಚಿಟ್ಟಿರುವುದರಲ್ಲಿ. ಕೆಂಪು ಹೂವನ್ನು ತಂದಿಟ್ಟವರು ಬಚ್ಚಿಟ್ಟುದನ್ನು ಬಯಲುಮಾಡಿ, ಕೆಲಸವನ್ನು ಮಾತ್ರ ಮರೆಮಾಡಿದರು.

ಈಗ ಪಲ್ಲವಿಗೆ ಬರಬೇಕು. 'ಅರಿರಾಂಗ್' ಎಂಬ ಶಬ್ದಕ್ಕೆ ನಿರ್ವಚನಗಳು ಅನೇಕವಾಗಿವೆ. ಚೀನೀ ಅಕ್ಷರಗಳಲ್ಲಿ ಬರೆದು 'ನಾನು ಪ್ರಿಯನನ್ನು ಅಗಲಿದೆನು' ಎಂದು ಕೆಲವರು, 'ನನ್ನ ಕಿವಿ ಕಿವುಡಾಯಿತು' ಎಂದು ಕೆಲವರು, ಸಿಲ್ಲಾ ರಾಜ್ಯದ ಮೊದಲ ರಾಣಿಯಾದ ಆಲ್ಯೊಂಗ್ ಎಂಬವಳ ಹೆಸರೆಂದು ಇನ್ನು ಕೆಲವರು. ಅಕ್ಷರಗಳನ್ನು ಬದಲಿಸಿದರೆ ಅರ್ಥವೂ ಬದಲಾಗುವ ಈ ವಿಧಾನದಿಂದ ಏನನ್ನಾದರೂ ಸಾಧಿಸಬಹುದು. ಯಾಸ್ಕನ ನಿರುಕ್ತವನ್ನು ಓದಿದವರಿಗೆ ಈ ಉತ್ಸಾಹವು ಪರಿಚಿತವಾದುದೇ. ಮಂತ್ರಗಳಿಗೆ ಅರ್ಥವೇ ಇಲ್ಲವೆಂದ ಕೌತ್ಸನ ಪಕ್ಷವನ್ನೂ ಅವನು ಅಲ್ಲಿಯೇ ಎತ್ತಿ ಖಂಡಿಸಿದ್ದಾನೆ. ಮಂತ್ರದ ವಿಷಯದಲ್ಲಿ ಕೌತ್ಸನು ಸೋತರೂ ಅರಿರಾಂಗ್ ವಿಷಯದಲ್ಲಿ ಗೆಲ್ಲಬಹುದೆಂದು ತೋರುವುದು. ಸಾಮಗಾನದಲ್ಲಿ ಸ್ತೋಭವೆಂಬ ನಿರರ್ಥಕಾಕ್ಷರಗಳಿವೆ. ಅವಿಲ್ಲದೆ ಗಾನವಿಲ್ಲ, ಅವುಗಳಿಗೆ ಅರ್ಥವನ್ನು ಕೇಳುವವರೂ ಇಲ್ಲ. ಗಂಗ್ವೊನ್ ಪ್ರಾಂತದಲ್ಲಿ ಹಾಡಿನ ಹೆಸರೇ ಅರಾರಿಯೆಂದಿರುವುದರಿಂದ, ಅರಿ, ಅರಾ ಎಂಬಿವು ಕಂಠವನ್ನು ತೆರೆದು ಉಸಿರನ್ನು ಎಳೆಯಲು ಅನುಕೂಲವಾದ ಸ್ತೋಭಗಳೆಂದು ಒಪ್ಪುವುದೇ ಲಾಘವವು.

ನಿರರ್ಥಕವಾದ ಶಬ್ದದ ಮೇಲೆ ಇಷ್ಟು ಪಾಂಡಿತ್ಯವನ್ನು ಸುರಿದವರು, ಅದೇ ಪಲ್ಲವಿಯಲ್ಲಿ ಸಾರ್ಥಕವಾಗಿರುವ ಕ್ರಿಯಾಪದವನ್ನು ಉಪೇಕ್ಷಿಸಿದ್ದಾರೆ. ಪ್ರಸಿದ್ಧವಾದ ಸೋಲ್ ಪಾಠದಲ್ಲಿ ಘಟ್ಟವನ್ನು ದಾಟಿಹೋಗುವುದು ಹೇಳಲ್ಪಟ್ಟಿದೆ. ಜೊಂಗ್‌ಸೊನ್ ಪಾಠದಲ್ಲಿ ಘಟ್ಟವನ್ನು ದಾಟಿಸಿಕೊಡೆಂದು ಬೇಡಿಕೆಯಿದೆ. ಆ ಭಾಷೆಯಲ್ಲಿ 'ನೊಮ್' ಎಂದರೆ ದಾಟು, ಅದಕ್ಕೆ ಪ್ರತ್ಯಯವು ಸೇರಿ 'ನೊಮ್ಗಿ' ಎಂದಾದರೆ ದಾಟಿಸು. ಕನ್ನಡದ ಇಸು ಪ್ರತ್ಯಯದಂತೆಯೇ ಇದು ಪ್ರೇರಣಾರ್ಥಕವು. ಅಷ್ಟೇ ಅಲ್ಲ, 'ಕೊಡು' ಎಂಬ ಅರ್ಥದ ಧಾತುವನ್ನು ಸಹಾಯಕ್ರಿಯೆಯಾಗಿ ಅದರ ಮುಂದೆ ಸೇರಿಸುವುದರಿಂದ 'ದಾಟಿಸಿಕೊಡು' ಎಂಬ ಕನ್ನಡದ ಪ್ರಯೋಗವು ಅಕ್ಷರಶಃ ಹೊಂದುವುದು. (ಇಷ್ಟರಿಂದ ಎರಡು ಭಾಷೆಗಳಿಗೂ ರಕ್ತಸಂಬಂಧವನ್ನು ಕಲ್ಪಿಸಲು ಯಾರೂ ಆತುರಪಡಬಾರದು.) ಗತ್ಯರ್ಥಕ ಧಾತುಗಳ ಣಿಜಂತಪ್ರಯೋಗದಲ್ಲಿ ಪ್ರಯೋಜ್ಯನು ಕರ್ಮವಾಗುವನೆಂದು ಪಾಣಿನಿಯು ವಿಧಿಸಿದ್ದಾನೆ. ಇಲ್ಲಿಯೂ ಹಾಗೆಯೇ, 'ನಾನು' ಎಂಬುದು ದ್ವಿತೀಯಾ ವಿಭಕ್ತಿಯಲ್ಲಿದೆ. ಹಾಡುವವನು ಕರ್ತೃವಲ್ಲ, ಕರ್ಮ. ದಾಟಿಸಬೇಕಾದ ಕರ್ತೃವಿನ ಹೆಸರಾದರೋ ಪಲ್ಲವಿಯಲ್ಲಿ ಎಲ್ಲಿಯೂ ಇಲ್ಲ.

ಆ ಕರ್ತೃವು ಯಾರು? ದೇವರೆಂದು ಹೇಳಿಬಿಡುವುದು ಸುಲಭ. ಆದರೆ ವ್ಯಾಕರಣವು ಅದಕ್ಕೆ ಒಪ್ಪುವುದಿಲ್ಲ. ಕೊರಿಯಾ ಭಾಷೆಯಲ್ಲಿ ವಿಧ್ಯರ್ಥದ ಪ್ರತ್ಯಯಗಳು ಕೇಳುವವನ ಅಂತಸ್ತಿಗೆ ತಕ್ಕಂತೆ ಬೇರೆಬೇರೆಯಾಗಿವೆ. ಇಲ್ಲಿ ಬಳಸಿರುವುದು ದೊಡ್ಡವರಿಗೆ ಸಲ್ಲುವ ಪ್ರತ್ಯಯವಲ್ಲ, ಮಕ್ಕಳಿಗೆ ಸಲ್ಲುವ ಪ್ರತ್ಯಯವೂ ಅಲ್ಲ. ಸಮಾನನಾದವನಿಗೆ, ಅಥವಾ ತನಗಿಂತ ಸ್ವಲ್ಪ ಕಿರಿಯನಾದರೂ ಗೌರವಕ್ಕೆ ಅರ್ಹನಾದವನಿಗೆ ಸಲ್ಲತಕ್ಕದ್ದು. 'ದಾಟಿಸಿಕೊಡಯ್ಯ' ಎಂದರೆ ಅದರ ಛಾಯೆಯು ಸ್ವಲ್ಪಮಟ್ಟಿಗೆ ಬರುವುದು. ಔರಾಜಿಯ ಪದದಲ್ಲಿ ಅಂಬಿಗನನ್ನು ಬೇಡುವುದೂ ಇದೇ ಪ್ರತ್ಯಯದಿಂದ, ಮತ್ತು ಅಲ್ಲಿಯ ಕ್ರಿಯಾಪದವೂ ಪ್ರೇರಣಾರ್ಥಕವೇ. 'ಗೊನ್ನೊ' ಎಂದರೆ ಹೊಳೆಯನ್ನು ದಾಟು, 'ಗೊನ್ನೆ' ಎಂದರೆ ದಾಟಿಸು. ಭೇದವು ಒಂದೇ: ಹೊಳೆಯ ದಡದಲ್ಲಿ ದಾಟಿಸಬೇಕಾದುದು ದೋಣಿ, ಪಲ್ಲವಿಯಲ್ಲಿ ದಾಟಿಸಬೇಕಾದುದು ತನ್ನನ್ನೇ. ಪದದಿಂದ ಪಲ್ಲವಿಗೆ ಬರುವಷ್ಟರಲ್ಲಿ ದೋಣಿಯು ಕಳಚಿಹೋಗಿ, ಹೊಳೆಯು ಘಟ್ಟವಾಗಿ, ಅಂಬಿಗನು ಹೆಸರಿಲ್ಲದ ಒಬ್ಬ ಮನುಷ್ಯನಾಗುವನು. ಇದು ಯಾವ ಕವಿಯೂ ಕುಳಿತು ಯೋಚಿಸಿ ಮಾಡಿದ ಚಮತ್ಕಾರವಲ್ಲ. ಸಾವಿರಾರು ಪದಗಳು ಒಂದೇ ಪಲ್ಲವಿಯ ಹತ್ತಿರ ಬಂದು ಬಂದು ಹೋಗುವುದರಿಂದ ಉಂಟಾದ ಸಂಸ್ಕಾರವು.

ಇಲ್ಲಿ ಪ್ರಚಲಿತವಾದ ಮತ್ತೊಂದು ಮತವನ್ನು ಪರೀಕ್ಷಿಸಬೇಕಾಗಿದೆ. ಅರಿರಾಂಗ್ ಎಂಬುದು 'ಹಾನ್' ಎಂಬ ಭಾವದ ಗೀತವೆಂದೂ, ಹಾನ್ ಎಂದರೆ ಪರಿಹಾರವಿಲ್ಲದೆ ಎದೆಯಲ್ಲಿ ಹೆಪ್ಪುಗಟ್ಟಿದ ದುಃಖವೆಂದೂ, ಅದು ಆ ಜನಾಂಗದ ಸ್ವಭಾವವೇ ಎಂದೂ ಅನೇಕರು ಬರೆಯುವರು. ದುಃಖವೇ ಕೊರಿಯಾದ ಕಲೆಯ ಸೌಂದರ್ಯವೆಂಬ ಮಾತನ್ನು ಪ್ರಚಾರಕ್ಕೆ ತಂದವನು ಯಾನಗಿ ಮುನೆಯೋಶಿ ಎಂಬ ಜಪಾನೀ ವಿಮರ್ಶಕನು. ಜಪಾನು ಕೊರಿಯಾವನ್ನು ಆಳುತ್ತಿದ್ದ ೧೯೨೦ರ ಆಚೀಚಿನ ವರ್ಷಗಳಲ್ಲಿ ಅವನು ಇದನ್ನು ಬರೆದುದು. ಅವನಿಗೆ ಆ ಜನದ ಮೇಲೆ ಪ್ರೀತಿಯಿದ್ದುದು ನಿಜ. ಆದರೂ ಆಳುವವರ ನಾಡಿನಿಂದ ಬಂದ ಈ ಸಹಾನುಭೂತಿಯ ಮಾತನ್ನು ಆಳಿಸಿಕೊಂಡವರೇ ತಮ್ಮ ಲಕ್ಷಣವೆಂದು ಸ್ವೀಕರಿಸಿದುದು ವಿಚಾರಾರ್ಹವಾಗಿದೆ. ಭರತನು ಕರುಣಕ್ಕೂ ವಿಪ್ರಲಂಭಕ್ಕೂ ಒಂದು ಗೆರೆಯನ್ನು ಎಳೆದಿದ್ದಾನೆ: ಕರುಣವು ನಿರಪೇಕ್ಷ, ವಿಪ್ರಲಂಭವು ಸಾಪೇಕ್ಷ. ಆಸೆಯು ಉಳಿದಿದೆಯೋ ಇಲ್ಲವೋ ಎಂಬುದೇ ಭೇದಕವು. ದಾಟಿಸಿಕೊಡೆಂದು ಬೇಡುವವನಿಗೆ ಆಚೆಯ ದಡವಿದೆಯೆಂಬ ನಂಬಿಕೆಯಿದೆ, ಕೇಳುವವನೊಬ್ಬನಿದ್ದಾನೆಂಬ ನಂಬಿಕೆಯೂ ಇದೆ. ಆದುದರಿಂದ ಜೊಂಗ್‌ಸೊನ್ ಪಾಠವು ಸಾಪೇಕ್ಷವಾದುದು. ಅದನ್ನು ಕರುಣವೆನ್ನುವುದು ಲಕ್ಷಣದೋಷವು.

ಸೋಲ್ ಪಾಠದ ಗತಿ ಬೇರೆಯಾಯಿತು. ಹ್ವಾಂಗ್ ಹ್ಯೊನ್ ಎಂಬ ಪಂಡಿತನ ದಿನಚರಿಯಂತಹ ಗ್ರಂಥದಿಂದ ೧೮೯೪ರಲ್ಲಿಯೇ ಅರಮನೆಯಲ್ಲಿ ಅರಿರಾಂಗ್ ಹಾಡಿಸುತ್ತಿದ್ದರೆಂದು ತಿಳಿಯುವುದು. ೧೯೨೬ರ ಅಕ್ಟೋಬರ್ ೧ರಂದು ಸೋಲ್ ನಗರದಲ್ಲಿ ನಾ ಉನ್‌ಗ್ಯು ಎಂಬವನ 'ಅರಿರಾಂಗ್' ಎಂಬ ಮೂಕಚಿತ್ರವು ಪ್ರದರ್ಶಿತವಾದ ಮೇಲೆ, ಅದರೊಡನೆ ಹಾಡಿದ ಪಾಠವೇ ದೇಶದ ಪಾಠವೆನಿಸಿತು. ಅದರಲ್ಲಿ ಬಿಟ್ಟುಹೋಗುವ ಪ್ರಿಯನಿದ್ದಾನೆ, ಹತ್ತು ಲೀ ದೂರವೂ ನಡೆಯದೆ ಅವನ ಕಾಲು ನೋಯಲೆಂಬ ಮುನಿಸಿದೆ. ಘಟ್ಟವು ಅಗಲಿಕೆಯ ಗುರುತಾಗಿದೆ. ಪರಾಧೀನವಾದ ದೇಶಕ್ಕೆ ಆಗ ಬೇಕಾಗಿದ್ದುದು ಆ ಭಾವವೇ ಇದ್ದಿರಬೇಕು. ಅದರ ಮಹತ್ತ್ವವನ್ನು ಅಲ್ಲಗಳೆಯಬೇಕಾದುದಿಲ್ಲ. ಆದರೆ ಆ ಭಾವವನ್ನು ಹಿಂದಕ್ಕೆ ತಂದು ಬೆಟ್ಟಸೀಮೆಯ ಪಾಠದ ಮೇಲೆ ಆರೋಪಿಸುವುದು ಸಲ್ಲದು. ಅಲ್ಲಿ ಘಟ್ಟವು ಪ್ರಿಯನು ಮರೆಯಾಗುವ ಸ್ಥಳವಲ್ಲ. ಒಬ್ಬಳು ಹತ್ತಲಾರದೆ ನಿಂತಿರುವ ಸ್ಥಳವು.

ಹೊಳೆಯ ಕೆಳಗಿನ ಭಾಗವು ಗಂಡಸರದು. ಔರಾಜಿಯು ಕೇವಲ ದೋಣಿಗಡವಾಗಿರಲಿಲ್ಲ, ಸೋಲ್ ನಗರಕ್ಕೆ ಹೋಗುವ ಮರದ ತೆಪ್ಪಗಳು ಹೊರಡುವ ರೇವೂ ಆಗಿತ್ತು. ೧೮೬೫ರಲ್ಲಿ ದೊರೆಯ ತಂದೆಯಾದ ಹುಂಗ್‌ಸೊನ್ ದೇವೊಂಗುನ್ ಎಂಬವನ ಆಜ್ಞೆಯಿಂದ ಗ್ಯೊಂಗ್‌ಬೊಕ್ ಅರಮನೆಯ ಪುನರ್ನಿರ್ಮಾಣವು ಆರಂಭವಾದಾಗ ಈ ಬೆಟ್ಟಗಳ ದೊಡ್ಡ ಮರಗಳು ಈ ದಾರಿಯಲ್ಲಿಯೇ ತೇಲಿಹೋದುವು. ದೇಶದ ನಾನಾ ಭಾಗಗಳ ಕೂಲಿಗಳು ಸೇರಿದ್ದ ಆ ಕಟ್ಟಡದ ಬಯಲಿನಲ್ಲಿ ಅರಾರಿಯು ಹಬ್ಬಿತೆಂದು ಒಂದು ಮತವಿದೆ. ಮರದೊಡನೆ ಹಾಡೂ ತೇಲಿಬಂದಿತೆಂಬ ಈ ಮತವು ಏಳು ಮಂದಿ ಸತ್ಪುರುಷರ ಕಥೆಗಿಂತ ಹೆಚ್ಚು ಸಂಭಾವ್ಯವಾದುದು. ತೆಪ್ಪದವರಿಗೆ ಹಣವೂ ಹೆಚ್ಚು, ಅಪಾಯವೂ ಹೆಚ್ಚು. ಆ ಭಾಷೆಯಲ್ಲಿ ಒಮ್ಮೆಗೇ ಬರುವ ರಾಶಿಹಣಕ್ಕೆ 'ತೆದೊನ್' ಎಂಬ ಮಾತಿದೆ. ಅದು ತೆಪ್ಪದ ಹಣವೆಂಬುದರಿಂದ ಬಂದಿತೆಂದು ಜನರು ಹೇಳುವರು. ಶಬ್ದಶಾಸ್ತ್ರವು ಒಪ್ಪಲಿ ಬಿಡಲಿ, ತೆಪ್ಪದವರನ್ನು ಕುರಿತು ಜನರ ಭಾವನೆಗೆ ಅದು ಪ್ರಮಾಣವು. ಹ್ವಾಂಗ್‌ಸೆ, ದ್ವೆನ್ಕೊಕ್ಕರಿ ಎಂಬ ಎರಡು ಸೆಳವುಗಳಲ್ಲಿ ತೆಪ್ಪಗಳು ಬಂಡೆಗೆ ಬಡಿದು ಚೂರಾಗುತ್ತಿದ್ದುವು. ಅವುಗಳ ಹೆಸರನ್ನು ಹೇಳುವ ಪದದಲ್ಲಿ ಭಯದ ಮಾತು ಒಂದೂ ಇಲ್ಲ. ತೆಪ್ಪವನ್ನು ಆ ಸೆಳವುಗಳಲ್ಲಿ ಬಿಟ್ಟಾಗಿದೆ, ಕೆಳಗೆ ಮಾಂಜಿಯ ಪಾನಗೃಹದೊಡತಿಯು ಊಟಪಾನಗಳನ್ನು ಸಿದ್ಧಮಾಡಿಡಲಿ ಎಂಬಿಷ್ಟೇ ಅದರಲ್ಲಿರುವುದು. ಇಲ್ಲಿಯೂ ವಿಧ್ಯರ್ಥದ ಪ್ರತ್ಯಯವು ಅದೇ ಅಂತಸ್ತಿನದು. ಅಂಬಿಗನಾಯಿತು, ಪಾನಗೃಹದೊಡತಿಯಾಯಿತು, ಪಲ್ಲವಿಯ ಅನಾಮಿಕನಾಯಿತು. ಬದುಕಿ ಆಚೆಗೆ ತಲುಪಿದ ಮೇಲೆ ಸಿಗತಕ್ಕವಳನ್ನು ಈಗಲೇ ಮಾತನಾಡಿಸುವುದರಿಂದ ಭಯಾನಕವು ವ್ಯಂಗ್ಯವಾಗುವುದು.

ರಸ್ತೆ, ರೈಲುಗಳು ಬಂದು ತೆಪ್ಪಗಳು ೧೯೬೦ರ ದಶಕದಲ್ಲಿ ಕ್ಷೀಣಿಸಿದುವು. ೧೯೭೩ರಲ್ಲಿ ಹಾನ್ ನದಿಗೆ ಪಾಲ್ದಾಂಗ್ ಅಣೆಕಟ್ಟು ಪೂರ್ಣವಾಗುವುದರೊಡನೆ ಆ ದಾರಿಯು ಮುಚ್ಚಿಹೋಯಿತು. ಅನಂತರ, ೧೯೯೦ರ ಮಹಾಪ್ರವಾಹದ ತರುವಾಯ, ದೊಂಗ್‌ಗಾಂಗ್ ಹೊಳೆಗೇ ಯೊಂಗ್‌ವೊಲ್ ಬಳಿಯಲ್ಲಿ ಅಣೆಕಟ್ಟನ್ನು ಕಟ್ಟುವ ಯೋಜನೆ ಸಿದ್ಧವಾಯಿತು. ಬಹುಕಾಲದ ವಿರೋಧದ ಮೇಲೆ ೨೦೦೦ದ ಜೂನ್ ೫ರಂದು ಅಧ್ಯಕ್ಷನಾದ ಕಿಮ್ ದೆಜುಂಗ್ ಅದನ್ನು ಕೈಬಿಟ್ಟುದಾಗಿ ಪ್ರಕಟಿಸಿದನು. ೨೦೦೨ರಲ್ಲಿ ಕಣಿವೆಯು ರಕ್ಷಿತಪ್ರದೇಶವಾಯಿತು. ವಿರೋಧಿಗಳು ಹೆಚ್ಚಾಗಿ ಮೀನು, ಪಕ್ಷಿ, ಗವಿಗಳ ಪರವಾಗಿ ವಾದಿಸಿದರು, ಅದು ನ್ಯಾಯವಾದುದೇ. ಆದರೆ ಹಾಡಿನ ಪರವಾಗಿಯೂ ಒಂದು ವಾದವಿತ್ತು. ಜಲಾಶಯದ ನಿಂತ ನೀರಿನಲ್ಲಿ ಸೆಳವಿಲ್ಲ. ಸೆಳವಿಲ್ಲದಿದ್ದರೆ ಆ ಪದದಲ್ಲಿ ಮೇಲೆ ಹೇಳಿದ ವ್ಯಂಗ್ಯವು ಯಾವುದನ್ನು ಆಶ್ರಯಿಸಬೇಕು?

ಇಷ್ಟನ್ನು ಹೇಳಿದುದರಿಂದ ಈ ಹಾಡಿನಲ್ಲಿ ನಗೆಯಿಲ್ಲವೆಂದು ವಾಚಕರು ಭಾವಿಸಬಾರದು. ಅತ್ತೆಯ ಕಾಟ, ಕೈಲಾಗದ ಗಂಡ, ಹೆಂಡತಿಗಿಂತ ಹತ್ತು ವರ್ಷ ಚಿಕ್ಕವನಾದ ಗಂಡ, ಇವೆಲ್ಲವೂ ಯೊಕ್ಕುಮ್ ಬಗೆಯಲ್ಲಿ ಧಾರಾಳವಾಗಿ ಬರುವುವು. ನೀರನ್ನು ತಬ್ಬಿ ತಿರುಗುವ ಗಿರಣಿಚಕ್ರವನ್ನು ಕಂಡು, ತನ್ನನ್ನು ತಬ್ಬಲರಿಯದ ಗಂಡನನ್ನು ನೆನೆಯುವ ಪದವು ಬಹು ಪ್ರಸಿದ್ಧವಾಗಿದೆ. ಇದಕ್ಕೂ ಒಂದು ಕಥೆಯನ್ನು ಅಂಟಿಸಿದ್ದಾರೆ: ಬಾಲಕನನ್ನು ಮದುವೆಯಾದವಳು ಹೊಳೆಗೆ ಬೀಳಲು ಹೋಗಿ, ತಿರುಗುವ ಚಕ್ರವನ್ನು ಕಂಡು, ಕಾಲವೂ ಹೀಗೆಯೇ ತಿರುಗಿ ಗಂಡನು ದೊಡ್ಡವನಾಗುವನೆಂದು ತಿಳಿದು ಮನೆಗೆ ಮರಳಿದಳಂತೆ. ತುಂಟತನದ ಶೃಂಗಾರವು ಹೀಗೆ ನೀತಿಪಾಠವಾಯಿತು. ಕಥೆ ಕಟ್ಟಿದವರಿಗೆ ಪದವು ನಾಚಿಕೆಯನ್ನು ಉಂಟುಮಾಡಿರಬೇಕು.

ಜೊಂಗ್‌ಸೊನ್ ಅರಿರಾಂಗ್ ೧೯೭೧ರಲ್ಲಿ ಗಂಗ್ವೊನ್ ಪ್ರಾಂತದ ಅಮೂರ್ತ ಸಾಂಸ್ಕೃತಿಕ ಸ್ವತ್ತುಗಳಲ್ಲಿ ಮೊದಲನೆಯದಾಗಿ ದಾಖಲಾಯಿತು. ೧೯೭೬ರಿಂದ ಅದರ ಹೆಸರಿನಲ್ಲಿ ಉತ್ಸವವು ನಡೆಯುತ್ತಿದೆ. ಮಾನ್ಯತೆ ಪಡೆದ ಗಾಯಕರಿದ್ದಾರೆ, ಶಿಷ್ಯರಿದ್ದಾರೆ, ರಂಗಮಂದಿರವಿದೆ. ಎರಡು ಮತ್ತು ಏಳನೆಯ ತಾರೀಖುಗಳಂದು ನೆರೆಯುವ ಸಂತೆಯಲ್ಲಿಯೂ ಹಾಡು ಕೇಳಿಬರುವುದು. ಇವಿಲ್ಲದಿದ್ದರೆ ಹಾಡು ಈ ವೇಳೆಗೆ ಅಳಿದಿರುತ್ತಿತ್ತೆಂಬುದನ್ನು ಒಪ್ಪಬೇಕು. ಆದರೆ ರಂಗದ ಮೇಲೆ ಒಬ್ಬರೇ ನಿಂತು ಆರಿಸಿದ ಪದಗಳನ್ನು ಗೊತ್ತಾದ ಕ್ರಮದಲ್ಲಿ ಹಾಡುವಾಗ, ಉತ್ತರ ಕೊಡತಕ್ಕ ಎರಡನೆಯ ಬಾಯಿಯು ಇಲ್ಲವಾಗುವುದು. ಔರಾಜಿಯಲ್ಲಿ ಕನ್ಯೆಯ ಪ್ರತಿಮೆಯೊಂದನ್ನು ನಿಲ್ಲಿಸಿದ್ದಾರೆ. ಹೊಳೆಗೆ ಸೇತುವೆಯೂ ಇದೆ. ಅದರ ಪಕ್ಕದಲ್ಲಿ ಪ್ರವಾಸಿಗಳ ವಿನೋದಕ್ಕಾಗಿ ಹಗ್ಗವನ್ನು ಹಿಡಿದು ಎಳೆಯುವ ದೋಣಿಯೂ ಇದೆ. ಅಂಬಿಗನನ್ನು ಕೂಗಬೇಕಾದ ಅಗತ್ಯವು ಇಂದು ಯಾರಿಗೂ ಇಲ್ಲ. ಮುಖ್ಯಾರ್ಥಕ್ಕೆ ಬಾಧೆಯುಂಟಾದಾಗ ಲಕ್ಷಣೆಯು ಪ್ರವರ್ತಿಸುವುದೆಂದು ಶಾಸ್ತ್ರವು. ಸೇತುವೆಯೇ ಇಲ್ಲಿ ಮುಖ್ಯಾರ್ಥಬಾಧೆ. ಆದರೂ ಜನರು ಅಲ್ಲಿ ನಿಂತು ಆ ಪದವನ್ನು ಹೇಳುವರೆಂದರೆ, ದಾಟಿಸಬೇಕಾದುದು ಬೇರೇನೋ ಉಳಿದಿದೆಯೆಂದೇ ಅರ್ಥ.

ಸಂಪಾದಕರು ಮಾಡಬಹುದಾದುದೊಂದಿದೆ. ಮುದ್ರಿತ ಸಂಗ್ರಹಗಳಲ್ಲಿ ಪದಗಳನ್ನು ಪ್ರೀತಿ, ದುಃಖ, ದುಡಿಮೆ, ಹಾಸ್ಯ ಎಂಬ ವಿಷಯಾನುಕ್ರಮದಿಂದ ವಿಂಗಡಿಸಿ, ಪಲ್ಲವಿಯನ್ನು ಮೊದಲಲ್ಲಿ ಒಂದೇ ಸಲ ಅಚ್ಚುಮಾಡುವುದು ರೂಢಿಯಾಗಿದೆ. ಇದರಿಂದ ಯಾವ ಪದಕ್ಕೆ ಯಾವುದು ಉತ್ತರವೆಂಬುದೂ, ಅಂಬಿಗನ ಕರೆಯು ಪಲ್ಲವಿಯೊಳಕ್ಕೆ ಹೇಗೆ ಹಾಯುವುದೆಂಬುದೂ ಓದುವವನಿಗೆ ತಿಳಿಯುವುದಿಲ್ಲ. ಒಂದು ಸಂಜೆ, ಒಂದು ಹೊಲದಲ್ಲಿ, ಇಬ್ಬರು ಹಾಡಿದುದನ್ನು ಹಾಡಿದ ಕ್ರಮದಲ್ಲಿಯೇ, ಪಲ್ಲವಿಯನ್ನು ಪ್ರತಿಸಲವೂ ಬಿಡದೆ, ಸ್ಥಳ ಋತುಗಳ ಹೆಸರಿನೊಡನೆ ಅಚ್ಚುಮಾಡಿದ ಪಾಠವು ಒಂದಾದರೂ ಬೇಕು. ದೊಂಗ್‌ಬೆಕ್ ಬೀಜವೋ ಹೂವೋ ಎಂಬ ಸಂದೇಹವೂ, ಆ ಪದವನ್ನು ಹಾಡಿದುದು ಯಾವ ತಿಂಗಳಿನಲ್ಲೆಂದು ಬರೆದಿಟ್ಟಿದ್ದರೆ, ಅಲ್ಲಿಯೇ ತೀರುತ್ತಿತ್ತು.